ಬಿಸಿಲ ದೇಶಕ್ಕೆ ಥರ್ಮೋಸ್ಟ್ಯಾಟ್ ಯಾಕೆ

ನನ್ನ ಗಾಡಿಯ ಬಾನೆಟ್ ಎತ್ತಿದರೆ ಸಾಕು, ಬೀದಿಯಲ್ಲಿ ಹೋಗುವ ಗಂಡಸರಿಗೆಲ್ಲ ಎಲ್ಲಿಲ್ಲದ ಜ್ಞಾನ ಉಕ್ಕಿ ಬರುತ್ತದೆ. ಮಲೇಷ್ಯಾದ ಪುಚೊಂಗ್‌ನ ನಮ್ಮ ಸಾಲುಮನೆಯ ಮುಂದೆ ನಾನು ಮೊಣಕೈವರೆಗೆ ಗ್ರೀಸ್ ಮಾಡಿಕೊಂಡು ಬಗ್ಗಿರುತ್ತೇನೆ. ಅವರು ನನ್ನನ್ನು ದಾಟಿಕೊಂಡು ಬಾಗಿಲಿಗೆ ಹೋಗಿ, ಒಳಗೆ ಸೋಫಾದಲ್ಲಿ ಫೋನ್ ನೋಡುತ್ತಾ ಕೂತ ನನ್ನ ಗಂಡನನ್ನು ಕರೆದು ಸಲಹೆ ಕೊಡುತ್ತಾರೆ. "ಬಾಸ್, ಬಿಸಿ ಜಾಸ್ತಿನಾ? ಥರ್ಮೋಸ್ಟ್ಯಾಟ್ ಕಿತ್ತು ಬಿಸಾಕಿ ಲಾ!" ನನ್ನ ಗಂಡ ಹುಟ್ಟಿದಾಗಿನಿಂದ ಒಂದು ಸ್ಪ್ಯಾನರ್ ಹಿಡಿದವರಲ್ಲ. ಆದರೂ ಗಂಭೀರವಾಗಿ ತಲೆಯಾಡಿಸುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ.

ಗಾಡಿ ಎಂದರೆ ಹಾಟ್ ರಾಡ್. ತಾತನ ಕಾಲದ ಪುಟ್ಟ ಇಂಗ್ಲಿಷ್ ಕಾರೊಂದರ ತುಕ್ಕು ಹಿಡಿದ ಮೈಯನ್ನು ಗುಜರಿಯಿಂದ ತಂದು, ಚಾವಣಿ ಕತ್ತರಿಸಿ ತಗ್ಗಿಸಿ, ಮೂತಿಯನ್ನು ನೆಲಕ್ಕೆ ತಾಗುವಷ್ಟು ಇಳಿಸಿ, ಅದರೊಳಗೆ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿದ್ದೇನೆ. ಕೆಲವು ವರ್ಷಗಳ ಭಾನುವಾರಗಳೆಲ್ಲ ಅದಕ್ಕೇ ಹೋದವು. ಎಂಜಿನ್ ದೊಡ್ಡದು, ಅದನ್ನು ತಣಿಸುವ ರೇಡಿಯೇಟರಿಗೆ ಇರುವ ಜಾಗ ಚಿಕ್ಕದು. ಹೊರಗೆ ಮಲೇಷ್ಯಾದ ಬಿಸಿಲು, ಸಾಲದ್ದಕ್ಕೆ ನಮ್ಮೂರಿನ ಟ್ರಾಫಿಕ್ ಜಾಮ್. ಇಂಥ ಎಂಜಿನ್ನನ್ನು ಹದದಲ್ಲಿಡುವುದೇ ಇಡೀ ವಿದ್ಯೆ. ಆ ವಿದ್ಯೆ ನನಗೆ ಸ್ವಲ್ಪ ಗೊತ್ತು. ಸುಬಾಂಗ್ ಜಯಾದ ಮಾಲ್‌ಗಳ ಎಸಿ ಯಂತ್ರಗಳನ್ನು ನೋಡಿಕೊಂಡೇ ನಾನು ಅನ್ನ ತಿನ್ನುತ್ತಿರುವುದು.

ಥರ್ಮೋಸ್ಟ್ಯಾಟ್ ಎನ್ನುವುದು ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕ ಬಾಗಿಲು. ಎಂಜಿನ್ ತಣ್ಣಗಿರುವಾಗ ಮುಚ್ಚಿಕೊಂಡು ನೀರನ್ನು ಒಳಗೇ ಹಿಡಿದಿಡುತ್ತದೆ, ಬಿಸಿಯಾದಾಗ ತೆರೆದು ರೇಡಿಯೇಟರಿಗೆ ಬಿಡುತ್ತದೆ. ನನ್ನದು ಎಂಬತ್ತೆರಡು ಡಿಗ್ರಿಗೆ ತೆರೆಯುವುದು. ಅಂಗಡಿಯವನ ಮಾತು ನಂಬದೆ, ಟೀ ಪಾತ್ರೆಯಲ್ಲಿ ನೀರು ಹಾಕಿ, ಅದನ್ನು ಮುಳುಗಿಸಿ, ಥರ್ಮಾಮೀಟರ್ ಹಿಡಿದು ಒಲೆಯ ಮುಂದೆ ನಿಂತು ನೋಡಿದ್ದೇನೆ. ಆ ಪಾತ್ರೆಯ ಟೀಯನ್ನು ಇವರು ಅಂದಿನಿಂದ ಕುಡಿದಿಲ್ಲ. ಎಂಜಿನ್ ತೀರ ತಂಪಾಗಿ ಓಡಿದರೂ ಕೇಡೇ. ಪೆಟ್ರೋಲ್ ಪೂರ್ತಿ ಉರಿಯದೆ ಎಣ್ಣೆಗೆ ಇಳಿಯುತ್ತದೆ, ಎಂಜಿನ್ ಒಳಗೊಳಗೇ ಸವೆಯುತ್ತದೆ. ಇದನ್ನು ನಾನು ಮನೆಯಲ್ಲಿ ಬಾಯಿ ನೋಯುವಷ್ಟು ಸಲ ಹೇಳಿದ್ದೇನೆ.

ಶುರುವಿನಲ್ಲಿ ಗಾಡಿ ಕುದಿದದ್ದು ನಿಜ. ಒಮ್ಮೆ ಮಾಲ್ ಎದುರಿಗೇ ನಿಂತು ಭುಸ್ ಅಂತ ಹಬೆ ಬಿಟ್ಟಿತು. ನನ್ನ ಗಂಡ ಇಳಿದು, ಯಾರದೋ ಗಾಡಿ ಎನ್ನುವ ಹಾಗೆ ದೂರ ಹೋಗಿ ನಿಂತರು. ಅವತ್ತು ಸಂಜೆ ಊಟಕ್ಕೆ ಬಂದ ಕನ್ನಡದ ಗೆಳೆಯರ ಮುಂದೆ ಹೇಳಿಬಿಟ್ಟರು: "ಇನ್ನೊಂದು ಸಲ ಕುದೀಲಿ, ಮಾರಿಬಿಡೋದೇ." ನನಗೂ ಹಟ ಬಂತು. "ಆಯ್ತು. ಕುದಿದ್ರೆ ನಾನೇ ಮಾರ್ತೀನಿ" ಅಂದೆ. ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಫ್ಯಾನಿನ ಸುತ್ತ ತಗಡಿನ ಗೂಡು ಕಟ್ಟಿದೆ, ಗಾಳಿ ಬರುವ ದಾರಿ ಬದಲಿಸಿದೆ. ಸೂಜಿ ಎಂಬತ್ತೈದಕ್ಕೆ ಬಂದು ನಿಂತಿತು. ಮೆಲಾಕಾದಲ್ಲಿ ಹಳೆ ಗಾಡಿಗಳವರು ಸೇರುವ ಭಾನುವಾರಕ್ಕೆ ಮೊದಲ ಸಲ ಅದನ್ನು ಒಯ್ಯುವುದೆಂದು ಗಟ್ಟಿಮಾಡಿಕೊಂಡೆ.

ಅಷ್ಟರಲ್ಲಿ ಭಾವ ಬಂದರು. ನನ್ನ ಗಂಡನ ಅಣ್ಣ. ಹುಬ್ಬಳ್ಳಿಯಲ್ಲಿ ಲಾರಿ ಇಟ್ಟು ಬದುಕಿದವರು, ಮಲೇಷ್ಯಾ ನೋಡಲು ಬಂದಿದ್ದರು. ಮನುಷ್ಯ ಕೆಟ್ಟವರಲ್ಲ. ಬರುವಾಗ ನನಗೆಂದು ಧಾರವಾಡ ಪೇಢೆ ಹೊತ್ತು ತಂದಿದ್ದರು. ಆದರೆ ನನ್ನ ಗಂಡನ ಮನೆಯಲ್ಲಿ ಅವರ ಮಾತಿಗೆ ಇಲ್ಲವೆಂದವರಿಲ್ಲ. ನನ್ನ ಗಂಡನಂತೂ ಅಣ್ಣ ಎದುರಿಗೆ ಬಂದರೆ ಕಾಲು ಮಡಿಸಿ ಕೂರುವವರು. ಮೈಸೂರಿನಿಂದ ಆ ಮನೆಗೆ ಸೊಸೆಯಾಗಿ ಹೋದ ನಾನು ಇದನ್ನು ಮೊದಲ ದಿನವೇ ನೋಡಿದ್ದೆ.

ಶನಿವಾರ ಮಾಲ್ ಒಂದರಲ್ಲಿ ಎಸಿ ಕೆಟ್ಟು ನಾನು ಕೆಲಸಕ್ಕೆ ಹೋಗಬೇಕಾಯಿತು. ಭಾನುವಾರ ಬೆಳಿಗ್ಗೆ ಹೊರಡುವ ಮೊದಲು ರೇಡಿಯೇಟರಿನ ಮುಚ್ಚಳ ತೆಗೆದು ನೋಡಿದೆ. ನಾನೇ ತುಂಬಿದ ಕೂಲೆಂಟ್, ಅಂದರೆ ಎಂಜಿನ್ ತಣಿಸುವ ಹಸಿರು ನೀರು, ಅಂಚಿನವರೆಗೂ ಇತ್ತು. ಹೊರಟೆವು. ನಾನು ಸ್ಟಿಯರಿಂಗ್‌ನಲ್ಲಿ, ಪಕ್ಕದಲ್ಲಿ ಭಾವ, ಹಿಂದೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ನನ್ನ ಗಂಡ. ಹೆದ್ದಾರಿಗೆ ಬಂದು ಎಷ್ಟು ಹೊತ್ತಾದರೂ ಸೂಜಿ ಅರವತ್ತು ದಾಟಲಿಲ್ಲ.

"ನೋಡವ್ವಾ, ಹೆಂಗದ!" ಭಾವ ತೊಡೆ ತಟ್ಟಿಕೊಂಡರು. "ಫ್ರಿಜ್ ಇದ್ದಂಗ ತಂಪದ!"

"ಇದು ಎಂಬತ್ತೈದರಲ್ಲಿ ಇರಬೇಕು ಭಾವ. ಏನೋ ಸರಿ ಇಲ್ಲ."

"ಎಲ್ಲಾ ಸರಿ ಅದ ತಗೋ. ನಿನ್ನೆ ನೀ ಇಲ್ಲದಾಗ ಆ ಥರ್ಮೋಸ್ಟ್ಯಾಟ್ ತಗದಬಿಟ್ಟೆ. ನಮ್ಮ ಲಾರಿಗೊಳಿಗೆ ಒಂದಕ್ಕೂ ಇಟ್ಟಿದ್ದಿಲ್ಲ ನಾ. ಈ ಬಿಸಿಲ ದೇಶದಾಗ ಅದು ಯಾಕ ಬೇಕು?"

ಬಾಯಿ ತೆರೆಯುವಷ್ಟರಲ್ಲಿ ಏರು ಬಂತು. ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಒಳಗಿಂದ ಕಟಕಟ ಸದ್ದು, ಜೊತೆಗೆ ಬಣ್ಣ ಸುಟ್ಟ ವಾಸನೆ. ಅರವತ್ತು ಡಿಗ್ರಿಯ ಎಂಜಿನ್ ಹಾಗೆ ಕಟಗುಟ್ಟುವುದಿಲ್ಲ.

"ನಿಲ್ಲಿಸ್ತೀನಿ" ಅಂದೆ.

ಹಿಂದಿನಿಂದ ನನ್ನ ಗಂಡ, "ಮೀಟರ್ ತಣ್ಣಗೇ ಇದೆಯಲ್ಲೇ. ಸುಮ್ಮನೆ ಯಾಕೆ ಗಾಬರಿ?" ಅಂದರು.

ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣಕ್ಕೆ ತಿರುಗಿಸಿ ಎಂಜಿನ್ ಆರಿಸಿದೆ. ಕೆಲಸದ ಚೀಲದಿಂದ ದೂರದಿಂದಲೇ ಶಾಖ ಅಳೆಯುವ ಥರ್ಮಾಮೀಟರ್ ತೆಗೆದು ಎಂಜಿನ್‌ಗೆ ಗುರಿ ಹಿಡಿದೆ. ನೂರಿಪ್ಪತ್ತು! ರೇಡಿಯೇಟರಿಗೆ ಹೋಗುವ ಪೈಪ್ ಮುಟ್ಟಿದರೆ ಬರೀ ಉಗುರುಬೆಚ್ಚಗೆ. ಎಲ್ಲ ತಿಳಿಯಿತು. ಎಂಜಿನ್‌ನ ಮೇಲ್ಭಾಗದಲ್ಲಿ ಗಾಳಿ ತುಂಬಿಕೊಂಡಿತ್ತು. ಮೀಟರಿನ ಸೆನ್ಸರ್ ಇರುವುದೂ ಅಲ್ಲೇ. ಅದಕ್ಕೆ ನೀರೇ ತಾಗದಿದ್ದಾಗ ಅದೇನು ಹೇಳಬೇಕು? ಸುಳ್ಳು ಹೇಳುತ್ತಿತ್ತು.

"ಭಾವ, ತೆಗೆದ ನೀರು ಏನು ಮಾಡಿದ್ರಿ?"

"ಬಕೀಟಿನಾಗ ಹಿಡದು ಅದನ್ನ ವಾಪಸ್ ಹಾಕೀನಿ. ಚೂರೂ ಕೆಡಿಸಿಲ್ಲ."

"ಎಲ್ಲಾನೂ ಹಿಡೀತಾ?"

"ಇಲ್ಲ, ಸ್ವಲ್ಪ ಉಳೀತು. ನೀ ಹೆಚ್ಚಿಗಿ ಹಾಕಿದ್ದಿ ಅನಸ್ತದ. ಗಟಾರಕ್ಕ ಚೆಲ್ಲಿದೆ."

ಅಯ್ಯೋ ದೇವರೇ! ಒಳಗಿದ್ದದ್ದು ವಾಪಸ್ಸು ಒಳಗೆ ಹಿಡಿಯದಿದ್ದರೆ ಆ ಜಾಗದಲ್ಲಿ ಏನು ಸೇರಿಕೊಂಡಿತು ಎಂದು ಒಂದು ಗಳಿಗೆ ಯೋಚಿಸಬೇಡವೇ? ಲಾರಿಯ ರೇಡಿಯೇಟರ್ ಎತ್ತರಕ್ಕೆ ನಿಂತಿರುತ್ತದೆ, ಸುರಿದರೆ ತುಂಬುತ್ತದೆ. ನನ್ನ ಗಾಡಿಯಲ್ಲಿ ಅದು ಎಂಜಿನ್ನಿಗಿಂತ ಕೆಳಗಿದೆ. ಮೂತಿ ಮೇಲಾಗುವ ಹಾಗೆ ಏರಿನಲ್ಲಿ ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗ, ಗುಳುಗುಳು ನಿಲ್ಲುವ ತನಕ ನಿಧಾನವಾಗಿ ತುಂಬಬೇಕು. ಭಾವನಿಗೆ ಇದು ಗೊತ್ತಿಲ್ಲ, ಸರಿ. ಇದನ್ನು ನನ್ನಿಂದ ಎಷ್ಟೋ ಸಲ ಕೇಳಿದ ಇನ್ನೊಬ್ಬರಿಗೆ?

ನಾನು ಗಂಡನ ಕಡೆ ತಿರುಗಿದೆ. "ನೀವು ಎಲ್ಲಿದ್ರಿ ಆಗ?"

"ಅಲ್ಲೇ... ಬಕೆಟ್ ಹಿಡಿದಿದ್ದೆ."

"ಮೂತಿ ಎತ್ತದೆ ನೀರು ಹಾಕಬಾರದು ಅಂತ ನಿಮಗೆ ಗೊತ್ತಿರಲಿಲ್ವಾ?"

"ಗೊತ್ತಿತ್ತು ಕಣೇ." ದನಿ ತಗ್ಗಿಸಿದರು. "ಅಣ್ಣ ಅಷ್ಟು ಪ್ರೀತಿಯಿಂದ ಮಾಡ್ತಿದ್ದ. ಬೇಡ ಅಂದ್ರೆ ಬೇಜಾರಾಗುತ್ತೆ ಅಂತ..."

"ಕುದಿದ್ರೆ ನನ್ನ ಗಾಡಿ ಹೋಗುತ್ತೆ ಅನ್ನೋದೂ ಗೊತ್ತಿತ್ತು ತಾನೇ?"

ಅವರು ಅಣ್ಣನ ಕಡೆ ನೋಡಿದರು. ನನಗೆ ಪಿತ್ತ ನೆತ್ತಿಗೇರಿತು. ನಾನು ಕಟ್ಟಿದ್ದೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ, ಅಣ್ಣನ ಬೇಜಾರು ಇನ್ನೊಂದರಲ್ಲಿ. ಯಾವುದು ಭಾರ ಎಂದು ಇವರು ಬಕೆಟ್ ಹಿಡಿದುಕೊಂಡೇ ತೀರ್ಮಾನ ಮಾಡಿಬಿಟ್ಟಿದ್ದರು. ಅಲ್ಲೇ, ಬಸ್ಸು ಲಾರಿಗಳ ಮುಂದೆ, ಉಗಿದು ಉಪ್ಪಿನಕಾಯಿ ಹಾಕಿದೆ. ಪರೋಟದಂಥ ರೊಟ್ಟಿ ಚಾನಾಯ್ ತಟ್ಟುತ್ತಿದ್ದ ಅಂಗಡಿಯವನು ಕೈ ನಿಲ್ಲಿಸಿ ನೋಡಿದ.

ಭಾವ ಮೆಲ್ಲಗೆ ಅಂಗಿಯ ಜೇಬಿಗೆ ಕೈ ಹಾಕಿ ಕರವಸ್ತ್ರದ ಗಂಟೊಂದನ್ನು ಮುಂದೆ ಹಿಡಿದರು. ಒಳಗೆ ನನ್ನ ಥರ್ಮೋಸ್ಟ್ಯಾಟ್! "ಮೆಲಾಕಾದಾಗ ಎಲ್ಲಾರಿಗೂ ತೋರಸೋಣು ಅಂತ ಇಟಗೊಂಡಿದ್ದೆ" ಅಂದರು. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಎಂಜಿನ್ ಪೂರ್ತಿ ಆರುವ ತನಕ ಕಾದೆ. ಅಣ್ಣ ತಮ್ಮ ಇಬ್ಬರೂ ರೊಟ್ಟಿ ತಿಂದರು. ನನಗೆ ತಪಾವ್ ಎಂದು ಪಾರ್ಸೆಲ್ ಕಟ್ಟಿಸಿ ತಂದ ಪೊಟ್ಟಣವನ್ನು ನಾನು ಮುಟ್ಟಲಿಲ್ಲ. ಡಿಕ್ಕಿಯಿಂದ ಸಾಮಾನು ತೆಗೆದು ನೀರು ಸೋರದಂತೆ ನಡುವೆ ಕೂರಿಸುವ ಹೊಸ ಗ್ಯಾಸ್ಕೆಟ್ ಕತ್ತರಿಸಿ, ಥರ್ಮೋಸ್ಟ್ಯಾಟ್ ಕೂರಿಸಿದೆ. ಲಾರಿ ನಿಲ್ಲಿಸುವ ಕಡೆಯ ಏರಿಗೆ ಗಾಡಿಯನ್ನು ಇಬ್ಬರ ಕೈಯಲ್ಲೂ ತಳ್ಳಿಸಿ, ಮೂತಿ ಎತ್ತಿ ನಿಲ್ಲಿಸಿ, ಎಂಜಿನ್ ಶುರುಮಾಡಿ, ಡಿಕ್ಕಿಯಲ್ಲಿದ್ದ ಕೂಲೆಂಟ್ ತುಂಬಿದೆ. ಬುಳುಕ್ ಬುಳುಕ್ ಎಂದು ಗಾಳಿ ಹೊರಬಿತ್ತು. ಸೂಜಿ ನಿಧಾನವಾಗಿ ಎದ್ದು ಎಂಬತ್ತೈದಕ್ಕೆ ಬಂದು ನಿಂತಿತು. ಒಂದು ತೊಟ್ಟೂ ಕುದಿದಿರಲಿಲ್ಲ.

ಮೆಲಾಕಾದ ಮೈದಾನದಲ್ಲಿ ಗಾಡಿಯ ಸುತ್ತ ಜನ ಸೇರಿದರು. ಗಡ್ಡದ ಮಲಯ್ ಹಿರಿಯರೊಬ್ಬರು ಎಂಜಿನ್ನನ್ನು ಬಗ್ಗಿ ನೋಡಿ, ಇಷ್ಟು ಇಕ್ಕಟ್ಟಿನಲ್ಲಿ ಬಿಸಿ ಹೇಗೆ ತಡೆದಿರಿ ಎಂದು ಕೇಳಿದರು. ಕೇಳಿದ್ದು ಯಾರನ್ನು? ನನ್ನ ಗಂಡನನ್ನು. ಅವರು ಬಾಯಿ ತೆರೆಯುವ ಮೊದಲೇ ಭಾವ ಎದೆ ಮುಟ್ಟಿಕೊಂಡು, "ಮೈ ಬ್ರದರ್ ಕಾರ್. ದಾರ್ಯಾಗ ಪ್ರಾಬ್ಲಮ್. ಐ ರಿಪೇರ್!" ಅಂದರು. ಹಿರಿಯರು ಅವರ ಕೈ ಕುಲುಕಿದರು. ನಾನು ಗಂಡನ ಮುಖ ನೋಡಿದೆ. ಕಟ್ಟಿದ್ದು ನಾನು ಎಂದು ಈಗಲಾದರೂ ಹೇಳುತ್ತಾರೆ ಅಂದುಕೊಂಡೆ, ದೇವರಾಣೆ. ಅವರು ತಮ್ಮ ಚಪ್ಪಲಿ ನೋಡುತ್ತಾ ನಿಂತರು.

ಸಂಜೆ ಹೊರಡುವಾಗ ಇಬ್ಬರೂ ಗಾಡಿಯ ಹತ್ತಿರ ಬಂದರು. ನಾನು ಒಳಗೆ ಕೂತು ಬಾಗಿಲಿನ ಚಿಲಕ ಹಾಕಿದೆ.

"ಭಾವ, ಬಸ್ ಸ್ಟ್ಯಾಂಡಿಗೆ ಟ್ಯಾಕ್ಸಿ ಸಿಗುತ್ತೆ. ಬಸ್ಸಿನಲ್ಲಿ ಎಸಿ ಇದೆ, ಚೆನ್ನಾಗಿ ತಂಪಿರುತ್ತೆ" ಅಂದು ಗಾಡಿ ಎತ್ತಿಕೊಂಡು ಬಂದೆ.

ದಾರಿಯಲ್ಲಿ ದೊಡ್ಡ ಜಾಮ್. ಮುಂದೆ ಹಿಂದೆ ಸಾಲು ಸಾಲು ಗಾಡಿ, ರಸ್ತೆಯಿಂದ ಕಾವು ಏಳುತ್ತಿತ್ತು. ಫೋನ್ ಸದ್ದು ಮಾಡಿತು. ಬಸ್ಸಿನಿಂದ ನನ್ನ ಗಂಡ ಕಳಿಸಿದ್ದರು: "ಕುದಿಯಲಿಲ್ಲ ತಾನೇ?"

ಸೂಜಿ ಎಂಬತ್ತೈದರಲ್ಲಿತ್ತು. ಉತ್ತರ ಬರೆಯಲಿಲ್ಲ. ಮನೆಗೆ ಬಂದು ಕೇಳಲಿ. ಅಣ್ಣನ ಎದುರಿಗೇ ಕೇಳಲಿ.