ಟವರ್ ಮಾತಾಡಲಿಲ್ಲ

ಅವತ್ತು ಅಶೂಗೆ ಜ್ವರ ಇರಲಿಲ್ಲ. ಜ್ವರ ಅಂತ ಸುಳ್ಳು ಹೇಳಿದವಳು ನಾನು. ಹುಡುಗಿ ಅಂಜಿದಳು, ಬಿಸಿಲಿಗೆ ಹಿಂಜರಿದಳು, ಆಮೇಲೆ ಆಕೆಗೇ ಬ್ಯಾಡಾಯಿತು ಅಂತ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅದೆಲ್ಲ ನನ್ನ ಮುಖ ಉಳಿಸಲಿಕ್ಕೆ ಹೇಳುವ ಮಾತು. ಆಕೆಯನ್ನು ನೆಲಕ್ಕೆ ಕೂಡಿಸಿದವಳು ನಾನೇ.

ಒಂದು ರೂಪಾಯಿ ಹಾಕಿ ಮಾತಾಡುವ ಕೆಂಪು ಫೋನು ಕಿರಾಣಿ ಅಂಗಡಿಗಳ ಮುಂದೆ ಕೂತಿದ್ದ ಕಾಲ ಅದು. ನಾವು ಪುಣೆಯ ವಿಶ್ರಾಂತವಾಡಿಯಲ್ಲಿ ಎರಡು ಖೋಲಿಯ ಮನೆಯಲ್ಲಿದ್ದೆವು. ನಾನು, ಮಗ ಬಸು, ಸೊಸೆ ಶಾಂತಾ, ಮೊಮ್ಮಗಳು ಅಶ್ವಿನಿ. ಬಾಯಿಗೆ ಅಶೂ. ಆ ಬ್ಯಾಸಗಿಯಲ್ಲಿ ಆಕೆ ಶಾಲೆಯಲ್ಲಿ ಆರನೇತ್ತ ಮುಗಿಸಿ ಏಳಕ್ಕೆ ಹೊರಟಿದ್ದಳು.

ಬ್ಯಾಸಗಿ ಅಂದರೆ ಮಾಳಿಗೆಯ ತುಂಬ ಶಾವಿಗೆ, ಸಂಡಿಗೆ. ಅಕ್ಕಿಹಿಟ್ಟಿನ ಗಂಜಿಯೊಳಗೆ ಜೀರಿಗೆ, ಹಸಿಮೆಣಸಿನಕಾಯಿ ಬಿದ್ದಾಗ ಏಳುವ ವಾಸನೆ ನಿಮಗೂ ಗೊತ್ತಿರಬೇಕು. ನಾನು ಹಳೇ ಧೋತರ ಹಾಸಿ ಸಂಡಿಗೆ ಇಡುವುದು, ಅಶೂ ಕಾಗೆ ಓಡಿಸುವುದು. ಲೋಹಗಾಂವದ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ನಮ್ಮ ತಲೆಯ ಮೇಲೇ ಹಾಯುತ್ತಿದ್ದವು. ಅದರ ನೆರಳು ಧೋತರದ ಮೇಲೆ ಸರ್ರನೆ ಹೋಗುತ್ತಿತ್ತು. ಓಣಿಯ ಹುಡುಗರು ಟಾಟಾ ಮಾಡುತ್ತಿದ್ದರು. ಅಶೂ ಮಾಡುತ್ತಿರಲಿಲ್ಲ. ಹಣೆಗೆ ಕೈ ಹಚ್ಚಿ ನೋಡಿ, "ಗಾಲಿ ತಡಾ ಮಾಡಿ ಬಿಟ್ಟ ನೋಡಜ್ಜಿ ಇವ" ಅನ್ನುತ್ತಿದ್ದಳು. ವಿಮಾನ ಹೊಡೆಯುವವ ಆಕೆಯ ಕೈಕೆಳಗಿನ ಆಳು ಅನ್ನುವ ಹಾಗೆ. ಅಷ್ಟರಲ್ಲಿ ಕಾಗೆ ಒಂದು ಸಂಡಿಗೆ ಒಯ್ದಿರುತ್ತಿತ್ತು.

ಬಸು ಛಾಪಖಾನೆಯಲ್ಲಿ ಕಾರಕೂನ. ಅಲ್ಲಿಗೆ ಹೊಸ ಕಂಪ್ಯೂಟರ್ ಬಂದಾಗ ಹಳೆಯದನ್ನು ಮಾಲಕರು ಇವನಿಗೆ ಕೊಟ್ಟರು. ಅದರೊಳಗೆ ಬಸು ಒಂದು ವಿಮಾನದ ಆಟ ಹಾಕಿಸಿಕೊಂಡು ಬಂದ. ಆಟ ಅಂದೆ ಅಂತ ಅಶೂ ನನ್ನನ್ನು ಬೈದಳು. ವಿಮಾನ ಕಲಿಯುವವರು ಮೊದಲು ಹಿಂಗೇ ಕೂತು ಕಲಿಯುತ್ತಾರಂತೆ. ಲಟ್ಟಣಿಗೆ ಮೊಣಕಾಲ ನಡುವೆ ನಿಲ್ಲಿಸಿಕೊಂಡು ಅದನ್ನೇ ಹಿಡಿಕೆ ಅನ್ನುತ್ತಿದ್ದಳು, ಒತ್ತುವುದು ಮಾತ್ರ ಗುಂಡಿಗಳನ್ನು. ನಾನು ಚಪಾತಿಗೆ ಲಟ್ಟಣಿಗೆ ಬೇಡಿದರೆ, "ತಡಿ, ಲೋಣಾವಳಾ ದಾಟ್ಲಿ" ಅನ್ನುತ್ತಿದ್ದಳು.

ವಿಮಾನ ಇಳಿಯಬೇಕಾದರೆ ನಿಲ್ದಾಣದ ಟವರಿನವರ ಅಪ್ಪಣೆ ಬೇಕು. ನಮ್ಮ ಮನೆಯ ಟವರ್ ನಾನು. ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಸ್ಟೀಲ್ ಗ್ಲಾಸು ಬಾಯಿಗೆ ಹಿಡಿದು ಹೇಳಬೇಕು. ಅದೇ ನನ್ನ ಮೈಕು.

"ಪುಣೆ ಟವರ್, ನಾ ಅಶೂ. ಇಳೀಲೇನು?"

"ದಾರಿ ಖಾಲಿ ಅದ. ಇಳಿ."

ಹಂಚಿನ ಮೇಲೆ ರೊಟ್ಟಿ ಇದ್ದರೆ, "ಒಂದು ಸುತ್ತ ಹೊಡಕೊಂಡು ಬಾ, ರೊಟ್ಟಿ ಹೊಳ್ಳಿ ಹಾಕ್ತೀನಿ" ಅನ್ನುತ್ತಿದ್ದೆ. ಪಾಪ, ಹೊಡೆಯುತ್ತಿದ್ದಳು. ಒಮ್ಮೆ ನಾನು ನೀರು ತುಂಬಲಿಕ್ಕೆ ಹೋದವಳು ಬಾಜೂ ಮನೆಯವಳ ಜೊತೆ ಮಾತಾಡುತ್ತ ನಿಂತೆ. ಬಂದು ನೋಡಿದರೆ ಹುಡುಗಿ ಕೈ ಕಟ್ಟಿಕೊಂಡು ಕೂತಿದ್ದಳು.

"ಎಣ್ಣಿ ತೀರಿ ಬಿತ್ತು. ನೂರ ಮಂದಿ ಸತ್ರು."

"ನಾ ಇಲ್ಲಂದ್ರ ನೀನ ಇಳಿಸಬೇಕಿತ್ತವಾ."

"ಟವರ್ ಹೇಳಲಾರದ ಇಳೀಬಾರದು. ನೀ ಹೇಳಲಿಲ್ಲ."

"ಆತು ತಗೋ, ಕೊಡ ತುಂಬೇದ. ಸತ್ತವರ ಬಾಯಿಗೆ ನೀರರ ಬಿಡೂಣು."

ಅವತ್ತು ಆಕೆಯೂ ನಕ್ಕಳು. ನನಗೆ ಆಗಲೇ ತಿಳಿಯಬೇಕಿತ್ತು. ನನ್ನ ಮಾತಿಲ್ಲದೆ ಆ ಹುಡುಗಿ ಏನೂ ಮಾಡುವವಳಲ್ಲ.

ಊರಾಚೆ ಒಂದು ಮೈದಾನದಲ್ಲಿ ಇಂಜಿನ್ ಇಲ್ಲದ ವಿಮಾನ ಹಾರಿಸುತ್ತಿದ್ದರು. ಗ್ಲೈಡರ್ ಅಂತ. ಉದ್ದ ಹಗ್ಗ ಕಟ್ಟಿ ಎಳೆದರೆ ಗಾಳಿಪಟದ ಹಾಗೆ ಏಳುತ್ತದೆ, ಮೇಲೆ ಹೋದ ಮೇಲೆ ಹಗ್ಗ ಬಿಡುತ್ತದೆ. ಅದನ್ನು ಕಲಿಸುವ ಶಿಂದೆಬಾಯಿ ಅಶೂನ ಶಾಲೆಗೆ ಬಂದಿದ್ದರು. ಹೆಸರು ಕೊಡಿ ಅಂದರೆ ಬರೀ ಹುಡುಗರೇ ಕೊಟ್ಟರಂತೆ. ಆ ಬಾಯಿ ಹಟ ತೊಟ್ಟು ಹುಡುಗಿಯರ ಮನೆ ಮನೆ ಹತ್ತಿದರು. ನಮ್ಮ ಮನೆಗೂ ಬಂದು, ಚಾಪೆಯ ಮೇಲೆ ಕೂತು, ನಾನು ಕೊಟ್ಟ ಹಸಿ ಸಂಡಿಗೆ ಹಿಟ್ಟು ನೆಕ್ಕಿ, ಮರಾಠಿಯಲ್ಲಿ ಹೇಳಿದರು: "ಆಜೀ, ಬರೂ ರವಿವಾರ ಹುಡುಗೇರಿಗಷ್ಟ ಹಾರಸ್ತೀನಿ. ಅವತ್ತು ಬಂದವರನ್ನ ಬ್ಯಾಸಗಿ ಕ್ಲಾಸಿಗೆ ತಗೋತೀನಿ. ಕ್ಲಾಸ ಮುಗದ ಮ್ಯಾಲ ನಾ ಬೇರೆ ಊರಿಗೆ ಹೋಗಾಕಿ."

ಶಾಂತಾ, "ಬಿಸಿಲಾಗ ಮುಖ ಕರ್ರಗ ಆಗ್ತದಲ್ರಿ" ಅಂದಳು. ಬಸು ನನ್ನ ಮುಖ ನೋಡಿದ.

"ಹೋಗ್ಲಿ" ಅಂದೆ. ಒಪ್ಪಿಗೆಯ ಕಾಗದದ ಮೇಲೆ ಸಹಿಯನ್ನೂ ಮಾಡಿದೆ. ಬರೆಯಲಿಕ್ಕೆ ಬರುವುದು ಅದೊಂದೇ, ನನ್ನ ಹೆಸರು. ಅಶೂ ಆ ಕಾಗದವನ್ನು ಶುಕ್ರವಾರದ ತನಕ ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು.

ಶುಕ್ರವಾರ ಮಧ್ಯಾಹ್ನ ಆಕೆ ದೊಡ್ಡವಳಾದಳು.

ನಮ್ಮಲ್ಲಿ ಹುಡುಗಿ ದೊಡ್ಡವಳಾದರೆ ಐದು ದಿನ ಮೂಲೆಯಲ್ಲಿ ಚಾಪೆ ಹಾಸಿ ಕೂಡಿಸುತ್ತೇವೆ. ಏನೂ ಮುಟ್ಟುವ ಹಾಗಿಲ್ಲ, ಹೊಸ್ತಿಲು ದಾಟುವ ಹಾಗಿಲ್ಲ. ಸಂಜೆ ಮುತ್ತೈದೆಯರು ಬಂದು ಆರತಿ ಮಾಡುತ್ತಾರೆ. ನನ್ನನ್ನೂ ಊರಲ್ಲಿ ಕೂಡಿಸಿದ್ದರು, ಒಂಬತ್ತು ದಿನ. ಖರೇ ಹೇಳುತ್ತೇನೆ, ನನ್ನ ಜನ್ಮದಲ್ಲಿ ಸುಖ ಅಂತ ಕಂಡದ್ದು ಆ ಒಂಬತ್ತು ದಿನ. ಕೊಬ್ಬರಿ, ಬೆಲ್ಲ, ತುಪ್ಪ ಕೈಗೆ ಬರುತ್ತಿದ್ದವು. ನೀರಿಗೆ ಹೋಗು ಅಂತ ಯಾರೂ ಹೇಳಲಿಲ್ಲ. ಆಮೇಲೆ ಲಗ್ನ ಆಯಿತು, ಪುಣೆಗೆ ಬಂದು ಇಟ್ಟಂಗಿ ಹೊತ್ತೆ. ಕೂತು ತಿಂದದ್ದು ಮತ್ತೆ ನೆನಪಿಲ್ಲ. ಅದಕ್ಕೇ ಅಶೂಗೂ ಚಾಪೆ ಹಾಸಿದೆ. ಒಳ್ಳೆಯದು ಮಾಡುತ್ತಿದ್ದೇನೆ ಅಂತಲೇ ಹಾಸಿದೆ. ಹಳೇ ಸೀರೆಯನ್ನು ಪಡದೆ ಮಾಡಿ ಕಟ್ಟಿದೆ. ಆ ಮೂಲೆಯಿಂದ ಕಂಪ್ಯೂಟರಿಗೆ ನಾಲ್ಕು ಹೆಜ್ಜೆ.

ಶನಿವಾರ ಶಾಂತಾ ಅಡಿಗೆಮನೆಯಲ್ಲಿ ನನ್ನ ಹತ್ತಿರ ಬಂದು ದನಿ ಇಳಿಸಿ ಅಂದಳು: "ಅತ್ತೀ, ಎರಡ ತಾಸಿನ ಮಾತು. ಹೋಗಿ ಬಂದು ಮತ್ತ ಕೂಡ್ತಾಳ. ಯಾರಿಗೆ ಗೊತ್ತಾಗ್ತದ?"

"ನನಗ ಗೊತ್ತಾಗ್ತದಲಾ."

"ಒಂದ ದಿನ ಅತ್ತೀ."

"ನಿನ್ನ ಹಿಂಗ ಬಿಟ್ಟಿದ್ರೇನು ನಿಮ್ಮವ್ವ?"

ಸೊಸೆ ಕೊಡ ಎತ್ತಿಕೊಂಡು ನೀರಿಗೆ ಹೋದಳು. ಬಸು ಚಪ್ಪಲಿ ಹಾಕಿಕೊಂಡು ಹೊರಗೆ ಹೋದ. ಮೊದಲು ಬ್ಯಾಡ ಅಂದವಳೇ ಈಗ ಕಳಿಸೋಣ ಅಂತಿದ್ದಾಳೆ, ಹೋಗಲಿ ಅಂದ ನಾನೇ ಈಗ ಅಡ್ಡ ನಿಂತಿದ್ದೇನೆ ಅನ್ನುವುದು ನನ್ನ ತಲೆಗೇ ಹೊಳೆಯಲಿಲ್ಲ.

ರವಿವಾರ ಬೆಳಿಗ್ಗೆ ಶಿಂದೆಬಾಯಿ ಸ್ಕೂಟರ್ ಮೇಲೆ ತಾವೇ ಕರೆಯಲಿಕ್ಕೆ ಬಂದರು. ನಾನು ಬಾಗಿಲ ತುಂಬ ನಿಂತೆ. "ತಾಪ ಆಲಾಯ" ಅಂದೆ. ಜ್ವರ ಬಂದದ.

ಅವರು ನನ್ನ ಭುಜದ ಮೇಲಿಂದ ಒಳಗೆ ನೋಡಿದರು. ಪಡದೆ ಕಂಡಿತು. ಅವರೂ ಹೆಂಗಸು, ತಿಳಿಯದೆ ಏನು? "ಆಜೀ, ಇಂಥಾ ಜ್ವರದಾಗ ನಾನೂ ಹಾರೀನಿ. ಏನೂ ಆಗಂಗಿಲ್ಲ. ಹತ್ತ ಮಿನಿಟು ಕೆಳಗ ನಿಂದರ್ತೀನಿ" ಅಂತ ಮರಾಠಿಯಲ್ಲಿ ಹೇಳಿ ಇಳಿದು ಹೋದರು.

ನಾನು ಒಳಗೆ ಬಂದು ಹೊಸ್ತಿಲ ಮೇಲೆ ಕೂತೆ. ಹಂಚಿನ ಮೇಲೆ ರೊಟ್ಟಿ ಇತ್ತು. ಕೆಳಗೆ ಸ್ಕೂಟರ್ ಸುರು ಮಾಡಿಯೇ ಇಟ್ಟಿದ್ದರು, ಅದರ ಸಪ್ಪಳ ಮೇಲೆ ಬರುತ್ತಿತ್ತು. ಆಗ ಪಡದೆಯ ಹಿಂದಿನಿಂದ ಸಣ್ಣ ದನಿ.

"ಪುಣೆ ಟವರ್, ನಾ ಅಶೂ. ಏರಲೇನು?"

ಅಲ್ಲಿಯ ತನಕ ಆಕೆ ಇಳಿಯಲಿಕ್ಕಷ್ಟೇ ಅಪ್ಪಣೆ ಕೇಳಿದ್ದು. ಏರಲಿಕ್ಕೆ ಎಂದೂ ಕೇಳಿದ್ದಿಲ್ಲ. ನಾನು ರೊಟ್ಟಿ ಹೊಳ್ಳಿ ಹಾಕಿದೆ.

"ಟವರ್, ಏರಲೇನು?"

ಗ್ಲಾಸು ನನ್ನ ಕೈಗೆ ಸಿಗುವಷ್ಟು ಹತ್ತಿರವೇ ಇತ್ತು. ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದೆ. ಮೂರನೇ ಸಲವೂ ಕೇಳಿದಳು, ಆ ಸಲ ಟವರ್ ಅನ್ನಲಿಲ್ಲ. "ಅಜ್ಜಿ, ಏರಲೇನು?" ಅಂದಳು.

ಬ್ಯಾಡ ಅಂತಲೂ ನಾನು ಹೇಳಲಿಲ್ಲ. ಹೇಳಿದ್ದರೆ ಆಕೆ ಅಳುತ್ತಿದ್ದಳು, ಜಗಳ ಆಡುತ್ತಿದ್ದಳು. ನಾನು ಮತ್ತೊಂದು ರೊಟ್ಟಿ ಹಂಚಿಗೆ ಹಾಕಿದೆ. ಸ್ಕೂಟರಿನ ಸಪ್ಪಳ ಓಣಿಯ ತಿರುವಿನ ತನಕ ಹೋಗಿ ಕೇಳದಾಯಿತು.

ಸಂಜೆ ಆರತಿಗೆ ಹೆಂಗಸರು ಬಂದರು. ಹಸಿರು ಸೀರೆ ಉಡಿಸಿದೆವು, ಉಡಿ ತುಂಬಿದೆವು. "ಎಷ್ಟ ಶಾಣ್ಯಾಕಿ ಹಂಗ ಕೂತಾಳ ನೋಡ್ರಿ ಹುಡುಗಿ" ಅಂತ ಎಲ್ಲರೂ ಹೊಗಳಿದರು.

ಇದೆಲ್ಲ ಆಗಿ ಇಪ್ಪತ್ತು ವರ್ಷದ ಮೇಲಾಯಿತು. ಅಶೂ ಈಗ ರಾಂಜಣಗಾಂವದ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುತ್ತಾಳೆ. ಗಂಡ ಒಳ್ಳೆಯವ. ಅವತ್ತಿನ ಮಾತಿಗೆ ಅಶೂ ನನ್ನನ್ನು ಒಂದು ದಿನವೂ ಆಡಿಕೊಂಡಿಲ್ಲ. ಒಮ್ಮೆ ಕಂಪನಿಯವರು ಆಕೆಯನ್ನು ದಿಲ್ಲಿಗೆ ವಿಮಾನದಲ್ಲಿ ಕಳಿಸಿದರು. "ಕಿಟಕಿ ಬಾಜೂ ಕೂತಿದ್ದೇನು?" ಅಂತ ಕೇಳಿದೆ. "ಇಲ್ಲ. ಕಿಟಕಿ ಕೊಟ್ಟಿದ್ರು, ಬ್ಯಾಡಂದೆ" ಅಂದಳು. ಅವತ್ತು ಶಿಂದೆಬಾಯಿಯ ಜೊತೆ ಹೋದ ಹುಡುಗಿಯರಲ್ಲಿ ಒಬ್ಬಳು ಈಗ ದೊಡ್ಡ ವಿಮಾನ ಹೊಡೆಯುತ್ತಾಳಂತೆ. ಅದನ್ನೂ ಅಶೂನೇ ಹೇಳಿದಳು, ಉಳ್ಳಾಗಡ್ಡಿ ತುಟ್ಟಿ ಆಗ್ಯಾವ ಅಂದಂತೆ.

ಹುಡುಗಿಯರು ವಿಮಾನದ ಕಡೆ ಯಾಕೆ ಬರುವುದಿಲ್ಲ ಅಂತ ಈಗ ಟಿವಿಯಲ್ಲಿ ಮಂದಿ ಕೂತು ಕೇಳುತ್ತಾರೆ. ನನ್ನನ್ನು ಕೇಳಲಿ. ಬರಲಿಕ್ಕೆ ಎದ್ದೇ ಇರುತ್ತಾರೆ. ಅಡಿಗೆಮನೆಯ ಹೊಸ್ತಿಲಲ್ಲಿ ನನ್ನಂಥವಳೊಬ್ಬಳು ಬಾಯಿ ಮುಚ್ಚಿಕೊಂಡು ಕೂತಿರುತ್ತಾಳೆ.

ನಾವು ಇನ್ನೂ ಅದೇ ಮನೆಯಲ್ಲಿದ್ದೇವೆ. ವಿಮಾನಗಳು ಹೆಚ್ಚಾಗಿವೆ. ಮಾಳಿಗೆ ಹತ್ತಲಿಕ್ಕೆ ಮೊಣಕಾಲು ಬಿಡುವುದಿಲ್ಲ, ಸಂಡಿಗೆ ಅಂಗಡಿಯಿಂದ ಬರುತ್ತದೆ. ನಡುಹಗಲಲ್ಲಿ ವಿಮಾನ ತಗ್ಗಿಗೆ ಬಂದು ಗೋಡೆ ನಡುಗಿದಾಗೆಲ್ಲ ಆ ಮೂಲೆಯಿಂದ ದನಿ ಬರುತ್ತದೆ. ಏರಲೇನು? ಅಲ್ಲಿ ಈಗ ಹಿಟ್ಟಿನ ಡಬ್ಬಿ ಇದೆ, ಮತ್ತೇನೂ ಇಲ್ಲ. ಮುದುಕಿಯ ಕಿವಿ ನೆಟ್ಟಗಿಲ್ಲ ಅಂತ ಶಾಂತಾ ಅನ್ನುತ್ತಾಳೆ. ಕಿವಿ ನೆಟ್ಟಗೇ ಇವೆ.

ಆ ಸೋಮವಾರದ್ದು ಒಂದು ಹೇಳುವುದು ಉಳಿಯಿತು. ರವಿವಾರ ಮುರಿಯಲಿಕ್ಕೆ ಆಗದ ಶಾಸ್ತ್ರವನ್ನು ಮರುದಿನ ಬೆಳಿಗ್ಗೆ ನಾನೇ ಮುರಿದೆ. ಐದು ದಿನ ಆಗಿರಲಿಲ್ಲ, ನಾಲ್ಕನೆಯ ದಿನ ಅದು. ಪಡದೆ ಬಿಚ್ಚಿದೆ. ಚಾಪೆ ಸುತ್ತಿ ಮಾಳಿಗೆಗೆ ಒಯ್ದು ಬಿಸಿಲಿಗೆ ಹಾಕಿದೆ. ಹುಡುಗಿಗೆ ತಲೆಗೆ ನೀರು ಹಾಕಿದೆ. ಕಂಪ್ಯೂಟರಿನ ಮೇಲಿನ ಅರಿವೆ ತೆಗೆದು, ಲಟ್ಟಣಿಗೆ ತೊಳೆದು ಕುರ್ಚಿಯ ಮೇಲಿಟ್ಟೆ. ಆಮೇಲೆ ಹೊಸ್ತಿಲ ಮೇಲೆ ಕೂತು ಗ್ಲಾಸು ಬಾಯಿಗೆ ಹಿಡಿದೆ.

"ಅಶೂ, ಟವರ್ ಮಾತಾಡ್ತದ. ದಾರಿ ಖಾಲಿ ಅದ. ಏರು."

ಹುಡುಗಿ ಒದ್ದೆ ಕೂದಲು ಝಾಡಿಸುತ್ತ ಬಂದಳು. ಕುರ್ಚಿಯ ಮೇಲಿನ ಲಟ್ಟಣಿಗೆ ಎತ್ತಿ ಮಣೆಯ ಪಕ್ಕ ಅದರ ಜಾಗದಲ್ಲಿಟ್ಟಳು. ನನ್ನ ಕೈಯಲ್ಲಿದ್ದ ಗ್ಲಾಸು ನೋಡಿದಳು.

"ಅದರಾಗ ಹಾಲ ಹಾಕಿ ಕೊಡಜ್ಜಿ" ಅಂದಳು.

ಹಾಕಿ ಕೊಟ್ಟೆ.