ಅಂಬವ್ವ ತೆಗೆದ ವಿಡಿಯೊದಲ್ಲಿ ಶಿವಪ್ರಕಾಶ

ಶಿವಪ್ರಕಾಶ ಸತ್ತ ಮೇಲೆ ಅವನ ತಾಯಿ ಅಂಬವ್ವ ಕೇಳಿದ್ದು ಒಂದೇ. ಮಗ ಓಡಾಡುವುದನ್ನು, ಮಾತಾಡುವುದನ್ನು ಇನ್ನೊಮ್ಮೆ ನೋಡಬೇಕು. ಗೋಡೆಯ ಮೇಲಿನ ಹಾರ ಹಾಕಿದ ಫೋಟೊ ಅವರಿಗೆ ಸಾಲದು. "ಇದು ಅಂವ ಅಲ್ಲ ತಮ್ಮಾ. ಯಾರೋ ಸಾಹೇಬ ಕುಂತಂಗ ಐತಿ," ಎಂದರು.

ಲಿಂಗಂಪಲ್ಲಿಯ ನಮ್ಮ ಕನ್ನಡದ ಮನೆಗಳಲ್ಲಿ ತೊಟ್ಟಿಲು, ಕುಬಸ, ಮದುವೆ ಏನೇ ಇರಲಿ, ವಿಡಿಯೊ ತೆಗೆಯುತ್ತಿದ್ದವನು ಅವನೇ. ನಾವೆಲ್ಲ ಅವನ ಫೋನಿನಲ್ಲಿದ್ದೇವೆ. ಅವನಿಲ್ಲ. ಅವನಿದ್ದ ವಿಡಿಯೊ ಒಂದೇ ಸಿಕ್ಕಿತು. ಬಸುರಿ ಮಗಳ ಕುಬಸದ ದಿನ ಊಟಕ್ಕೆ ಬಡಿಸಲು ಹೋಗುವಾಗ ಫೋನನ್ನು ತಾಯಿಯ ಕೈಗೆ ಕೊಟ್ಟಿದ್ದ. ಅಂಬವ್ವ ಅದಕ್ಕೆ ಮೊದಲು ವಿಡಿಯೊ ತೆಗೆದವರಲ್ಲ. ಚಿತ್ರ ನೆಲಕ್ಕೆ ಇಳಿಯುತ್ತದೆ, ಫ್ಯಾನಿಗೆ ಏರುತ್ತದೆ, ತಟಕ್ಕನೆ ಬಾಗಿಲ ಕಡೆ ಹೊರಳುತ್ತದೆ. ಶಿವಪ್ರಕಾಶ ಹೋಳಿಗೆಯ ಬುಟ್ಟಿ ಹಿಡಿದು ಒಂದು ಅಂಚಿನಲ್ಲಿ ಬಂದು ಇನ್ನೊಂದು ಅಂಚಿನಲ್ಲಿ ಮರೆಯಾಗುತ್ತಾನೆ. ಅಂಬವ್ವನಿಗೆ ಮೊದಲೇ ತಲೆಸುತ್ತು. ಟಿವಿಯಲ್ಲಿ ಹಾಕಿದ ಸ್ವಲ್ಪ ಹೊತ್ತಿಗೇ, "ತಲಿ ಗಿರ್ ಅನ್ನಾಕತ್ತೈತಿ, ತಗೀರಿ," ಎಂದು ಕಣ್ಣು ಮುಚ್ಚುತ್ತಿದ್ದರು. ಮರುದಿನ ಮತ್ತೆ ಹಾಕಿರೆನ್ನುತ್ತಿದ್ದರು.

ಅವನ ಹೆಂಡತಿ ಉಮಾಶ್ರೀ ಆ ವಿಡಿಯೊ ನನಗೆ ಕಳಿಸಿ ಫೋನು ಮಾಡಿದರು. "ಅಣ್ಣಾರ, ಅಲಗಾಡೋದನ್ನ ನಿಂದರಸೋ ಸಾಫ್ಟ್‌ವೇರ್ ಇರತಾವಂತಲ್ರಿ. ನೀವು ದಿನಾ ಕಂಪ್ಯೂಟರ್ ಮುಂದನ ಕುಂದರತೀರಿ, ಒಂದೀಟು ನೋಡ್ರಿ."

ಶಿವಪ್ರಕಾಶ ಭಾಲ್ಕಿ ಕಡೆಯವನು, ನಾನು ಮೈಸೂರಿನವನು. ಕೋಠಿಯ ಒಂದು ಔಷಧಿ ಹೋಲ್‌ಸೇಲ್ ಅಂಗಡಿಗೆ ಊರೆಲ್ಲ ಸುತ್ತಿ ಆರ್ಡರ್ ತರುವುದು ಅವನ ಕೆಲಸ. ನನ್ನ ಆಫೀಸು ಹಿಮಾಯತ್‌ನಗರದಲ್ಲಿ. ಬೆಳಿಗ್ಗೆ ಇಬ್ಬರಿಗೂ ಒಂದೇ ಲೋಕಲ್ ರೈಲು. ಲಿಂಗಂಪಲ್ಲಿಯಿಂದಲೇ ಹೊರಡುವ ರೈಲಾದ್ದರಿಂದ ಸೀಟು ಖಾಲಿ ಇರುತ್ತಿದ್ದವು, ಆದರೂ ಅವನು ಬಾಗಿಲಲ್ಲೇ. ಕೂತ್ಕೊಳ್ಳೋ ಮಾರಾಯ ಎಂದರೆ, "ಕುಂತ್ರ ಸ್ಟೇಷನ್ ತಡಾ ಬರತಾವ್ರಿ," ಎನ್ನುತ್ತಿದ್ದ. ನನ್ನ ಕೈಯ ಪುಸ್ತಕಕ್ಕೆ ಇಣುಕಿ, "ನಿನ್ನೇನೂ ಇದ ಪುಟದಾಗ ಇದ್ರಲ್ರಿ, ಮುಂದಿನ ಪುಟಕ್ಕ ಟಿಕೀಟ್ ತಗೊಂಡಿಲ್ಲೇನು?" ಎನ್ನುತ್ತಿದ್ದ. ಯಾರಿಗಾದರೂ ಸಿಗದ ಮಾತ್ರೆ ಬೇಕಾಗಿದ್ದರೆ, ಸಂಜೆ ರೈಲಿಳಿದವನು ಮನೆಗೆ ಹೋಗದೆ ಮೊದಲು ಅವರ ಬಾಗಿಲಿಗೆ ಹೋಗುತ್ತಿದ್ದ. ಚಹಾ ಕೊಟ್ಟರೆ ನಿಂತೇ ಕುಡಿಯುತ್ತಿದ್ದ.

ಮಳೆಗಾಲದ ಒಂದು ಮಧ್ಯಾಹ್ನ, ಕೋಠಿಯಲ್ಲಿ, ಮೆಡಿಕಲ್ ಅಂಗಡಿಯೊಂದರ ಮೆಟ್ಟಿಲ ಮೇಲೆ ಕುಸಿದ. ಆಸ್ಪತ್ರೆ ಸೇರುವಷ್ಟರಲ್ಲಿ ಜೀವವಿರಲಿಲ್ಲ. ಈಗ ಆ ರೈಲಿನಲ್ಲಿ ನನಗೆ ಕೂರಲೂ ಆಗುವುದಿಲ್ಲ, ನಿಲ್ಲಲೂ ಆಗುವುದಿಲ್ಲ. ಹೀಗಾಗಿ ಉಮಾಶ್ರೀ ಕೊಟ್ಟ ಕೆಲಸಕ್ಕೆ ಜೋತುಬಿದ್ದೆ.

ಮೊದಲು ಫೋನಿನಲ್ಲಿ ಒಂದು ಉಚಿತ ಆ್ಯಪ್. ಇಂಥ ಆ್ಯಪ್‌ಗಳು ಮಾಡುವುದಿಷ್ಟು: ಚಿತ್ರ ಅಲುಗಿದಷ್ಟು ಅದನ್ನು ಎದುರು ದಿಕ್ಕಿಗೆ ಸರಿಸುತ್ತವೆ. ಸರಿಸಿದಾಗ ಅಂಚಿನಲ್ಲಿ ಕಪ್ಪು ಖಾಲಿ ಬೀಳುತ್ತದೆ. ಅದು ಕಾಣದಂತೆ ಚಿತ್ರ ಹಿಗ್ಗಿಸಿ ಅಂಚು ಕತ್ತರಿಸುತ್ತವೆ. ಶಿವಪ್ರಕಾಶ ಇದ್ದದ್ದೇ ಅಂಚಿನಲ್ಲಿ. ಬೀಗರೆಲ್ಲ ನೆಟ್ಟಗೆ ಕೂತು ಉಣ್ಣುತ್ತಿದ್ದರು. ಅವನದೊಂದು ಮೊಣಕೈ ಉಳಿದಿತ್ತು. ಇನ್ನೊಂದು ಸಾಫ್ಟ್‌ವೇರಿನಲ್ಲಿ ಅವನು ಉಳಿದ, ಆದರೆ ಮುಖ ನೀರಿನಲ್ಲಿಟ್ಟಂತೆ ಬಳುಕಿತು. ಅದನ್ನು ತೆಗೆದೆ, ಮತ್ತೊಂದು ಹಾಕಿದೆ. ಆಫೀಸಿನಲ್ಲೂ ಅದೇ ಯೋಚನೆ.

ಹಿಮಾಯತ್‌ನಗರದಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವ ಅಮೋಲ್ ಎಂಬವನ ಹತ್ತಿರ ಒಯ್ದೆ. ನೋಡಿ ನಕ್ಕ. "ಅವತ್ತ ಭೂಕಂಪ ಆಗಿತ್ತೇನ್ರಿ ಸರ್?" ಅವನ ಸಾಫ್ಟ್‌ವೇರ್ ಕಳೆದ ಅಂಚುಗಳನ್ನು ತಾನೇ ಊಹಿಸಿ ತುಂಬುತ್ತದೆ. ತುಂಬಿತು. ಶಿವಪ್ರಕಾಶನಿಗೆ ಬೇರೆ ಯಾರದೋ ಕಿವಿ ಬಂದಿತ್ತು.

"ಇಷ್ಟು ಯಾರಿಗ್ ಗೊತ್ತಾಗತೈತ್ರಿ?"

"ಅವರ ತಾಯಿಗೆ," ಎಂದೆ.

ಅಮೋಲ್ ಅದನ್ನು ಅಳಿಸಿದ.

ಮನೆಗೆ ಬಂದು ಮೂಲ ವಿಡಿಯೊವನ್ನೇ ನಿಧಾನವಾಗಿ ಓಡಿಸಿದೆ. ಶಿವಪ್ರಕಾಶನ ಕಡೆ, ಕೊನೆಯ ಪಂಕ್ತಿ ಉಂಡು ಏಳುವ ತನಕ ಮನೆಯ ಯಜಮಾನ ಕೂರುವಂತಿಲ್ಲ. ಅವನು ಎಡಕ್ಕೆ ಹೋದರೆ ಚಿತ್ರ ಎಡಕ್ಕೆ ಹೋಗುತ್ತಿತ್ತು. ಬಗ್ಗಿ ಬಡಿಸಿದರೆ ನೆಲಕ್ಕಿಳಿಯುತ್ತಿತ್ತು. ನೆಟ್ಟಗಾದರೆ ಅವನನ್ನು ದಾಟಿ ಫ್ಯಾನಿಗೆ ಏರುತ್ತಿತ್ತು. ಪ್ರತಿಸಲವೂ ಸ್ವಲ್ಪ ತಡವಾಗಿ. ಅಂಬವ್ವ ಉಣ್ಣುವವರನ್ನು ತೆಗೆಯಲು ಹೋಗಿ ತಪ್ಪಿದ್ದಾರೆಂದೇ ನಾವೆಲ್ಲ ತಿಳಿದಿದ್ದೆವು. ಅವರು ಮಗನನ್ನು ಅಟ್ಟಿಸಿಕೊಂಡು ಹೋಗಿದ್ದರು.

ಅಲ್ಲಿಯವರೆಗಿನ ಸಾಫ್ಟ್‌ವೇರ್‌ಗಳೆಲ್ಲ ನಿಲ್ಲಿಸಲು ನೋಡಿದ್ದು ಗೋಡೆಯನ್ನು. ಯಾವುದನ್ನು ನಿಲ್ಲಿಸಬೇಕೆಂದು ನನ್ನನ್ನೇ ಕೇಳುವಂಥದ್ದು ಬೇಕಾಗಿತ್ತು. ಹುಡುಕಿದೆ, ಸಿಕ್ಕಿತು. ಅವನ ಮುಖದ ಮೇಲೆ ಗುರುತು ಹಾಕಿ, ಅಂಚು ಕತ್ತರಿಸಬೇಡವೆಂದು ಹೇಳಿದೆ. ಅವನು ಚಿತ್ರದಿಂದ ಆಚೆ ಹೋದಾಗಲೆಲ್ಲ ಗುರುತು ತಪ್ಪುತ್ತಿತ್ತು. ಮತ್ತೆ ಕಂಡಾಗ ಮತ್ತೆ ಹಾಕಿದೆ.

ಭಾನುವಾರ ಅಂಬವ್ವನ ಮನೆಯ ಟಿವಿಯಲ್ಲಿ ಹಾಕಿದೆವು. ನಡುವೆ ಶಿವಪ್ರಕಾಶ ನಿಂತಿದ್ದ. ಮನೆ, ಬೀಗರು, ಎಲೆಗಳು ಅವನ ಸುತ್ತ ತೂಗುತ್ತಿದ್ದವು. ಸುತ್ತಲಿನ ಕಪ್ಪು ಒಮ್ಮೆ ಈ ಕಡೆ ದಪ್ಪ, ಒಮ್ಮೆ ಆ ಕಡೆ.

ಉಮಾಶ್ರೀ ಗಾಬರಿಯಾದರು. "ಗ್ವಾಡಿ ಎಲ್ಲಾ ಅಲಗಾಡಾಕತ್ತಾವಲ್ರಿ ಅಣ್ಣಾರ. ಅತ್ತೀ, ಬಂದ್ ಮಾಡ್ಲೇನ್ರಿ?"

"ಅಲಗಾಡಲಿ ಬಿಡು. ಅಂವ ನಿಂತಾನಲ್ಲ."

ಟಿವಿಯೊಳಗಿಂದ ಅವನು ಬೈದ: "ಏ ಯವ್ವಾ, ನನಗೇನ್ ಹಿಡೀತಿ, ಬೀಗರಿಗೆ ಹಿಡಿ."

"ಅವರನ್ನ ತಗೊಂಡು ನಾ ಏನ್ ಮಾಡ್ಲೋ," ಎಂದರು ಅಂಬವ್ವ. ಕಣ್ಣು ಕದಲಿಸಲಿಲ್ಲ.

ಕೊನೆಗೆ ಅವನು ಬುಟ್ಟಿ ಹಿಡಿದು ಅಡುಗೆಮನೆಗೆ ಹೋಗುತ್ತಾನೆ. ಅಲ್ಲಿಂದ ಮುಂದೆ ಗುರುತು ಹಾಕಲು ಮುಖವಿಲ್ಲ. ಚಿತ್ರ ಮೊದಲಿನಂತೆ ಹೊಯ್ದಾಡಿತು. ನಾನು ರಿಮೋಟಿಗೆ ಕೈ ಚಾಚಿದೆ. ಅಂಬವ್ವ ಕಣ್ಣು ಮುಚ್ಚಿಕೊಂಡಿದ್ದರು, ಆದರೆ ಕೈ ಅಡ್ಡ ಹಿಡಿದು ತಡೆದರು. ಒಳಗಿನಿಂದ ಅವನ ದನಿ ಇನ್ನೂ ಬರುತ್ತಿತ್ತು:

"ತುಪ್ಪ ಯಾರಿಗೆ ಬೇಕ್ರಿ? ನಾಚಬ್ಯಾಡ್ರಿ, ಬಂದೆ."