ಕಣ್ಣು ಮುಚ್ಚದ ಬೆಂಚು

ಬೆಳಗಿನ ಆರಾಧನೆಗೆ ಇನ್ನೂ ಹೊತ್ತಿದೆ. ಪ್ರಾರ್ಥನಾ ಮಂದಿರದ ಕಿಟಕಿಗಳಲ್ಲಿ ಬೆಳಕು ಸರಿಯಾಗಿ ಮೂಡಿಲ್ಲ. ಪ್ರಸಂಗಪೀಠದ ಮೆಟ್ಟಿಲ ಪಕ್ಕ ಒಬ್ಬ ಹೆಂಗಸು ತಮ್ಮ ಎರಡೂ ಕೈಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ನೋಡಿಕೊಳ್ಳುತ್ತಿದ್ದಾರೆ. ಸ್ವಲ್ಪ ಹಿಂದೆ ಸರಿದರೆ ಬೆರಳುಗಳು ಕತ್ತಲಾಗುತ್ತವೆ. ಮುಂದೆ ಬಂದರೆ ಬೋಧಕರು ಮರೆಯಾಗುತ್ತಾರೆ. ಸರಿಯಾದ ಜಾಗವೆಂದರೆ ನೆಲದ ಒಂದೇ ಒಂದು ಕಲ್ಲು. ಅದನ್ನು ಪಾದದಿಂದಲೇ ಹುಡುಕಿ ನಿಂತು, ಬಳೆ ಬಿಚ್ಚಿ ಚೀಲಕ್ಕೆ ಹಾಕುತ್ತಾರೆ. ಮಿನುಗುವ ಬಳೆ ನೋಡುವವರ ಕಣ್ಣನ್ನು ಬೆರಳಿನಿಂದ ಬೇರೆಡೆಗೆ ಸೆಳೆಯುತ್ತದೆ.

ಎಲ್ಲರೂ ಅವರನ್ನು ಕರೆಯುವುದು ಕೈಯಕ್ಕ ಎಂದು. ಎಡಗಡೆಯ ಮೊದಲ ಎರಡು ಬೆಂಚುಗಳಲ್ಲಿ ಕಿವಿ ಕೇಳಿಸದ ಹತ್ತು ಹನ್ನೆರಡು ಮಂದಿ ಕೂರುತ್ತಾರೆ. ಸತ್ಯವೇದದ ವಾಚನ, ಹಾಡು, ಪ್ರಸಂಗ, ಪ್ರಾರ್ಥನೆ ಎಲ್ಲವೂ ಅವರನ್ನು ತಲುಪುವುದು ಈ ಕೈಗಳ ಸನ್ನೆಯಿಂದ. ವಾರದ ಉಳಿದ ದಿನ ಇದೇ ಕೈಗಳು ಒಂದು ಆಸ್ಪತ್ರೆಯ ಬಟ್ಟೆಮನೆಯಲ್ಲಿ ಹೊದಿಕೆಗಳಿಗೆ ಇಸ್ತ್ರಿ ಹಾಕುತ್ತವೆ. ಮಣಿಕಟ್ಟಿನ ಹತ್ತಿರ ಸುಟ್ಟ ಕಲೆಗಳಿವೆ.

ಈ ಭಾನುವಾರ ಆ ಕೈಗಳು ಸುಮ್ಮನಿರುತ್ತಿಲ್ಲ. ಸೆರಗಿನ ತುದಿ ಸುತ್ತುತ್ತವೆ, ಬಿಚ್ಚುತ್ತವೆ. ಕಾರಣ, ಸೂಜಿ ಇವತ್ತು ಬರುತ್ತಾಳೆ.

ಸೂಜಿ ಇದೇ ಬೆಂಚಿನ ಹೊಲಿಗೆಯವಳು. ದಾರ ಎಳೆಯುವ ಹಾಗೆ ಎರಡು ಬೆರಳು ಆಡಿಸಿದರೆ ಅದೇ ಬೆಂಚಿನವರು ಅವಳಿಗಿಟ್ಟ ಹೆಸರು. ಹೋದ ತಿಂಗಳು ಅವಳ ನಾಲ್ಕು ವರ್ಷದ ಮಗಳು ಜ್ವರದಲ್ಲಿ ತೀರಿಕೊಂಡಳು. ಆಮೇಲೆ ಅವಳು ಮಂದಿರಕ್ಕೆ ಬರುತ್ತಿರುವುದು ಇದೇ ಮೊದಲು. ಸಮಾಧಿಯ ಬಳಿ ಪ್ರಾರ್ಥಿಸಿದ ಹಳೆಯ ಬೋಧಕರು ವರ್ಗವಾಗಿ ಹೋಗಿದ್ದಾರೆ. ಹೊಸಬರಿಗೆ ಅವಳ ಸಂಗತಿ ತಿಳಿಯದು. ಹೇಳೋಣವೆಂದು ಕೈಯಕ್ಕ ನಿನ್ನೆ ಅವರ ಮನೆಗೆ ಹೋಗಿದ್ದರು. ಪ್ರಸಂಗ ಏನೆಂದು ಮೊದಲೇ ತಿಳಿದರೆ ಅನುಕೂಲ ಎಂದೂ ಕೇಳಬೇಕಿತ್ತು.

"ಬಾಗಿಲಲ್ಲೇ ನಿಲ್ಲಿಸಿ, 'ನಾನು ಪ್ರಸಂಗ ಬರೆದಿಡೋನಲ್ಲಮ್ಮ, ಅದು ಪೀಠದ ಮೇಲೆ ಬರುತ್ತೆ' ಅಂದ್ರು. ಯಾರದೋ ಫೋನ್ ಬಂತು. ಬಾಗಿಲು ಮುಚ್ಕೊಂಡ್ರು. ಹೇಳ್ಬೇಕಾದ್ದು ಬಾಯಲ್ಲೇ ಉಳೀತು," ಎನ್ನುತ್ತಾರೆ.

ಬೋಧಕರು ಕೆಟ್ಟವರಲ್ಲ, ಹೊಸಬರು ಅಷ್ಟೇ. ಬಂದ ಮೊದಲ ವಾರವೇ ಒಂದು ಎಡವಟ್ಟು ಆಗಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಎಡಗಡೆಯವರು ಕಣ್ಣು ಬಿಟ್ಟುಕೊಂಡಿರುವುದನ್ನು ಕಂಡು ಪೀಠದಿಂದಲೇ, "ದೇವರ ಮುಂದೆ ಕಣ್ಣು ಮುಚ್ಚುವಷ್ಟು ಭಕ್ತಿಯೂ ಬೇಡವೇ?" ಎಂದು ಗದರಿದ್ದರು. ಕಣ್ಣು ಮುಚ್ಚಿದರೆ ಇವರಿಗೆ ಪ್ರಾರ್ಥನೆಯೇ ನಿಂತುಹೋಗುತ್ತದೆ. ಗದರಿದ್ದನ್ನೂ ಕೈಯಕ್ಕ ತಪ್ಪದೆ ದಾಟಿಸಿದರು. ಬೆಂಚಿನ ಹಿರಿಯ, ನಿವೃತ್ತ ಬಡಗಿ ತಾತ, ಥಟ್ಟನೆ ಕೈಯಾಡಿಸಿದರು. ಬೆಂಚಿನವರ ಮಾತನ್ನು ಸಭೆಗೆ ಗಟ್ಟಿಯಾಗಿ ಹೇಳುವುದೂ ಕೈಯಕ್ಕನ ಕೆಲಸವೇ. ಹೇಳಿದರು: "ನೀವು ಬಾಯಿ ಮುಚ್ಚಿ, ನಾವು ಕಣ್ಣು ಮುಚ್ತೀವಿ."

ಸಭೆ ನಕ್ಕಿತು. ಬೋಧಕರು ನಗಲಿಲ್ಲ.

"ತಾತನ ಮಾತನ್ನ ನಾನು ನುಂಗ್ಬಹುದಿತ್ತು. ಆದ್ರೆ ಇವತ್ತು ತಾತಂದು ನುಂಗಿದ್ರೆ ನಾಳೆ ಬೋಧಕರದ್ದೂ ನುಂಗ್ತೀನಿ. ಆಮೇಲೆ ಇವರು ನನ್ನ ಕೈಯನ್ನ ಯಾಕೆ ನಂಬಬೇಕು?"

ಈ ಹಟ ತವರಿನಿಂದ ಬಂದದ್ದು. ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳಿಸುತ್ತಿರಲಿಲ್ಲ. ಆರು ವರ್ಷದ ಹುಡುಗಿಯಾಗಿದ್ದಾಗಲೇ ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಬಾಡಿಗೆ ಮನೆಯ ಮಾಲೀಕರ ಎದುರು ಅವರಿಗೆ ಬಾಯಿಯಾಗಿದ್ದರು. ಜನ ಅಪ್ಪನನ್ನು ಬೈದರೆ ಆ ಬೈಗುಳವನ್ನೂ ಅಪ್ಪನಿಗೆ ತಾವೇ ಹೇಳಬೇಕಿತ್ತು. "ಏನಂದ್ರು ಅಂತ ಅಪ್ಪ ನನ್ನ ಮುಖಾನೇ ನೋಡ್ತಿದ್ರು. ಸುಳ್ಳು ಹೇಳೋಕೆ ಆಗ್ತಾನೇ ಇರ್ಲಿಲ್ಲ."

ಗಂಟೆ ಹೊಡೆಯುತ್ತದೆ. ಬೆಂಚುಗಳು ತುಂಬುತ್ತವೆ. ಸೂಜಿ ಬಂದು ಮೊದಲ ಬೆಂಚಿನ ತುದಿಯಲ್ಲಿ ಕೂರುತ್ತಾಳೆ. ಪಕ್ಕದಲ್ಲಿ ಒಂದು ಮಗು ಕೂರುವಷ್ಟು ಜಾಗ ಖಾಲಿ. ಅಲ್ಲಿ ಯಾರೂ ಕೂರುವುದಿಲ್ಲ. ಗೋಡೆಯ ಹಲಗೆಯ ಮೇಲೆ ದಿನದ ವಾಚನದ ಅಧ್ಯಾಯ, ವಚನಗಳ ಅಂಕಿಗಳಿವೆ. ಸರೋವರದಲ್ಲಿ ಬಿರುಗಾಳಿ ಎದ್ದ ಭಾಗ. ಕೈಯಕ್ಕನಿಗೆ ಅದು ಬಾಯಿಪಾಠ.

"ಸತ್ಯವೇದದ ವಾಕ್ಯ ನಂಗೆ ಗೊತ್ತಿರುತ್ತೆ. ಪ್ರಸಂಗ ಗೊತ್ತಿರಲ್ಲ. ನನ್ನ ಭಯವೆಲ್ಲ ಅವೆರಡರ ಮಧ್ಯದಲ್ಲಿರೋದು."

ವಾಚನ ಸರಾಗವಾಗಿ ಸಾಗುತ್ತದೆ. ಕೈಗಳಲ್ಲಿ ದೋಣಿ ಹೊಯ್ದಾಡುತ್ತದೆ, ನೀರು ನುಗ್ಗುತ್ತದೆ, ಯೇಸು ಹಿಂಬದಿಯಲ್ಲಿ ಮಲಗಿರುತ್ತಾನೆ. ಶಿಷ್ಯರು ಕೂಗಿ ಎಬ್ಬಿಸುತ್ತಾರೆ. ಅವನು ಎದ್ದು ಗಾಳಿಯನ್ನು ಗದರಿಸುತ್ತಾನೆ, ನೀರು ಶಾಂತವಾಗುತ್ತದೆ. ನಿಮಗಿನ್ನೂ ನಂಬಿಕೆಯಿಲ್ಲವೇ ಎಂದು ಶಿಷ್ಯರನ್ನು ಕೇಳುತ್ತಾನೆ. ಸೂಜಿ ಮುಂದಕ್ಕೆ ಬಾಗಿ ನೋಡುತ್ತಿದ್ದಾಳೆ.

ಪ್ರಸಂಗ ಶುರುವಾಗುತ್ತದೆ. ಬೋಧಕರ ದನಿ ಏರುತ್ತದೆ. "ಮನೆಯಲ್ಲಿ ಮಗುವಿಗೆ ಜ್ವರ ಬಂದಿದೆ ಎಂದಿಟ್ಟುಕೊಳ್ಳಿ. ತಾಯಿಯ ನಂಬಿಕೆ ಗಟ್ಟಿಯಾಗಿದ್ದರೆ ಮಗು ಉಳಿಯುತ್ತದೆ. ಉಳಿಯಲಿಲ್ಲವೇ? ಆ ನಂಬಿಕೆಯಲ್ಲಿ ಎಲ್ಲೋ ಬಿರುಕಿತ್ತು."

ಕೈಯಕ್ಕನ ಕೈಗಳು ಎದೆಯ ಮಟ್ಟದಲ್ಲಿ ನಿಂತುಬಿಡುತ್ತವೆ.

ಬೋಧಕರ ಬಾಯಿ ಆಡುತ್ತಿದೆ, ಕೈಗಳು ಆಡುತ್ತಿಲ್ಲ. ಬೆಂಚಿನವರು ಒಬ್ಬರನ್ನೊಬ್ಬರು ನೋಡುತ್ತಾರೆ. ಬೋಧಕರು ಮಳೆಯ ಮಾತಾಡಿದರೆಂದೋ ದೋಣಿಯ ಮಾತಾಡಿದರೆಂದೋ ಏನಾದರೂ ಹೇಳಿ ಕೈಯಕ್ಕ ದಾಟಿಬಿಡಬಹುದು. ಸೂಜಿಯ ಬೆರಳುಗಳು ಚುರುಕಾಗಿ ಕೇಳುತ್ತವೆ: ಏನಂದ್ರು? ನನ್ನಿಂದ ಮುಚ್ಚಿಡ್ಬೇಡ ಅಕ್ಕ.

ಕೈಯಕ್ಕ ದಾಟಿಸುತ್ತಾರೆ. ಒಂದು ಮಾತನ್ನೂ ಬಿಡದೆ.

ಸೂಜಿ ಕಣ್ಣು ಮುಚ್ಚುತ್ತಾಳೆ. ಹಿಂದಿನ ಸಾಲಿನವರಿಗೆ ಅದು ಭಕ್ತಿಯಂತೆ ಕಂಡಿರಬಹುದು. ಈ ಬೆಂಚಿನಲ್ಲಿ ಕಣ್ಣು ಮುಚ್ಚುವುದೆಂದರೆ ಬಾಗಿಲು ಹಾಕಿಕೊಳ್ಳುವುದು. ಮುಚ್ಚಿದವರನ್ನು ಯಾರೂ ಮುಟ್ಟಿ ಎಚ್ಚರಿಸುವುದಿಲ್ಲ, ಅದು ಇಲ್ಲಿನ ಮರ್ಯಾದೆ. ಕೈಯಕ್ಕ ಉಳಿದವರಿಗೆ ಪ್ರಸಂಗ ಮುಂದುವರಿಸುತ್ತಾರೆ, ಅವರ ನೋಟ ಮಾತ್ರ ಕಣ್ಣು ಮುಚ್ಚಿದ ಆ ಮುಖದ ಮೇಲೆ. ಅವಳು ಹೀಗೇ ಎದ್ದು ಹೋದರೆ ಮತ್ತೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತು.

ಬಹಳ ಹೊತ್ತಿನ ಮೇಲೆ ಸೂಜಿ ಕಣ್ಣು ತೆರೆದು ಎದ್ದು ನಿಲ್ಲುತ್ತಾಳೆ. ಅವಳ ಕೈ ಆಡುತ್ತದೆ. ಕೈಯಕ್ಕ ಸಭೆಯ ಕಡೆ ತಿರುಗುತ್ತಾರೆ. ಅವಳ ಮಾತನ್ನು ಗಟ್ಟಿಯಾಗಿ ಹೇಳುತ್ತಾರೆ.

"ಪಾಸ್ಟರ್, ನನ್ನ ಮಗಳು ಜ್ವರದಲ್ಲಿ ಹೋದ್ಲು. ನಂಗೊಂದು ಗೊತ್ತಾಗ್ಬೇಕು. ದೋಣಿಯಲ್ಲಿದ್ದೋರಿಗೂ ನಂಬಿಕೆ ಇರ್ಲಿಲ್ಲ. ಆದ್ರೂ ಅವರಿಗೆ ಗಾಳಿ ನಿಲ್ಲಿಸಿ ಕೊಟ್ರಲ್ಲ. ನಂಗ್ಯಾಕೆ ನಿಲ್ಲಿಸ್ಲಿಲ್ಲ?"

ಬೋಧಕರು ಮೊದಲು ಕೈಯಕ್ಕನನ್ನು ನೋಡುತ್ತಾರೆ. ಅವರು ತಲೆಯಾಡಿಸಿ ಸೂಜಿಯ ಕಡೆ ಕೈ ತೋರುತ್ತಾರೆ: ಮಾತು ನನ್ನದಲ್ಲ, ಅವಳದು. ಬೋಧಕರು ಅವಳ ಕಡೆ ತಿರುಗುತ್ತಾರೆ. ಪಕ್ಕದ ಖಾಲಿ ಜಾಗವೂ ಅವರ ಕಣ್ಣಿಗೆ ಬೀಳುತ್ತದೆ.

"ನನಗೆ ಗೊತ್ತಿಲ್ಲಮ್ಮ," ಎನ್ನುತ್ತಾರೆ. "ಬಿರುಕು ಅಂದೆನಲ್ಲ, ಆ ಮಾತು ಈ ವಾಕ್ಯದಲ್ಲಿಲ್ಲ. ಅದು ನನ್ನದು. ತಪ್ಪಾಯ್ತು."

ಪೀಠದಿಂದ ಇಳಿದು, ಟ್ಯೂಬ್‌ಲೈಟಿನ ಕೆಳಗೆ ಬಂದು, ಅದೇ ಭಾಗವನ್ನು ಮೊದಲಿಂದ ಓದುತ್ತಾರೆ. ನಿಧಾನವಾಗಿ, ಕೈಗಳು ಮುಗಿಸುವ ತನಕ ಕಾಯುತ್ತಾ. ಅವಳ ಪ್ರಶ್ನೆಗೆ ಅದು ಉತ್ತರವೇನಲ್ಲ. ಸೂಜಿ ಅಳುತ್ತಿದ್ದಾಳೆ, ಆದರೆ ನೋಡುತ್ತಿದ್ದಾಳೆ. ಪ್ರಾರ್ಥನೆಯ ಹೊತ್ತಿಗೆ ಬೋಧಕರು "ಎಲ್ಲರೂ ಕಣ್ಣು..." ಎಂದು ಶುರುಮಾಡಿ ಅಲ್ಲೇ ತಡೆಯುತ್ತಾರೆ. "ಪ್ರಾರ್ಥಿಸೋಣ," ಎನ್ನುತ್ತಾರೆ.

ಜನ ಚದುರಿದ ಮೇಲೆ ಕೈಯಕ್ಕ ಬಳೆ ತೊಡುತ್ತಿದ್ದಾರೆ. ಮುಂದಿನ ಶನಿವಾರ ಬಂದು ಮಾತಾಡಿ ಎಂದು ಬೋಧಕರೇ ಹೇಳಿ ಹೋಗಿದ್ದಾರೆ. ಬಾಗಿಲಲ್ಲಿ ಬಡಗಿ ತಾತ ಸೂಜಿಗೆ ಏನೋ ಕೀಟಲೆ ಮಾಡುತ್ತಿದ್ದಾರೆ. ಅವಳು ನಗುವುದಿಲ್ಲ, ಆದರೆ ಉತ್ತರ ಕೊಡುತ್ತಾಳೆ.

ನಿಮಗೇನಾದರೂ ಆಸೆಯಿದೆಯೇ ಎಂದರೆ ಕೈಯಕ್ಕ ನಾಚಿಕೊಳ್ಳುತ್ತಾರೆ.

"ಇನ್ನೊಬ್ಬರು ಯಾರಾದ್ರೂ ಈ ಕೆಲಸ ಕಲೀಬೇಕು. ಒಂದೇ ಒಂದು ಭಾನುವಾರ ಸಾಕು, ನಾನು ಬೆಂಚಿನಲ್ಲಿ ಕೂರ್ತೀನಿ. ಕೈ ಕಟ್ಕೊಂಡು, ಕಣ್ಣು ಮುಚ್ಕೊಂಡು ಪ್ರಾರ್ಥನೆ ಮಾಡ್ತೀನಿ. ಇಲ್ಲಿ ಇದುವರೆಗೂ ನಾನು ಕಣ್ಣು ಮುಚ್ಚಿಲ್ಲ."